ಚೀಲದಲ್ಲಿ ಮನೆಗೆ ಬಂದ ಬೀಗಗಳು

ಮನೆ, ಊಟದ ಮೇಜಿನ ಅರ್ಧ ಭಾಗ
(ಉಳಿದರ್ಧ ಇನ್ನೂ ನಿಮ್ಮ ಅಮ್ಮನ ವಶದಲ್ಲಿದೆ)
ಸೋಮವಾರ, ಮಾರ್ಚ್ ಹತ್ತು, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ನಮ್ಮನೆಯವರಿಗೆ,

ಮೊದಲು ಹಲ್ಲಿನ ವಿಚಾರ. ನೋವು ಹೇಗಿದೆ? ಮೊನ್ನೆ ಫೋನಿನಲ್ಲಿ ‘ಪರವಾಗಿಲ್ಲ’ ಎಂದಿರಿ. ಹತ್ತೊಂಬತ್ತು ವರ್ಷ ಸಂಸಾರ ಮಾಡಿದವಳಿಗೆ ನಿಮ್ಮ ನಿಘಂಟು ಬಾಯಿಪಾಠ ಆಗಿದೆ. ‘ಪರವಾಗಿಲ್ಲ’ ಎಂದರೆ ನೋವಿದೆ, ‘ಏನೂ ಇಲ್ಲ’ ಎಂದರೆ ಊತವೂ ಇದೆ. ಭಾಷೆ ಬರುವುದಿಲ್ಲ ಎಂದು ಅಲ್ಲಿಯ ಡಾಕ್ಟರ ಹತ್ತಿರ ಹೋಗದೆ ಕೂತಿರಬೇಡಿ. ಬಾಯಿ ತೆರೆದು ಬೆರಳು ತೋರಿಸಿದರೆ ಸಾಕು, ಹಲ್ಲಿನ ಡಾಕ್ಟರಿಗೆ ಅದಕ್ಕಿಂತ ಹೆಚ್ಚಿನ ವ್ಯಾಕರಣ ಬೇಕಿಲ್ಲ. ಕಿವಿ ಮುಚ್ಚುವ ಟೋಪಿ ಹಾಕಿಕೊಳ್ಳಿ. ಅದು ಹಾಕಿಕೊಂಡರೆ ಮುಖ ದುಂಡಗೆ ಕಾಣುತ್ತದೆ ಎಂಬ ನಿಮ್ಮ ಚಿಂತೆ ನನಗೆ ಗೊತ್ತು. ದುಂಡಗೇ ಇದೆ, ಟೋಪಿಯನ್ನು ದೂರಬೇಡಿ.

ನಾವು ಮೂವರೂ ಕ್ಷೇಮ. ಮಗಳು ಪರೀಕ್ಷೆಗೆ ಓದುತ್ತಿದ್ದಾಳೆ, ಅಂದರೆ ಪುಸ್ತಕ ತೆರೆದಿದೆ, ಅವಳೂ ಅದೇ ಕೋಣೆಯಲ್ಲಿದ್ದಾಳೆ. ನೀವು ಹೋದ ಮೇಲೆ ಬಚ್ಚಲಿನ ನಲ್ಲಿ ತೊಟ್ಟಿಕ್ಕುವುದನ್ನು ನಿಲ್ಲಿಸಿದೆ. ನೀವಿದ್ದಾಗ ನಾಲ್ಕು ಸಲ ರಿಪೇರಿ ಮಾಡಿದ್ದಿರಿ, ಈಗ ಯಾರೂ ಮುಟ್ಟುತ್ತಿಲ್ಲವಾದ್ದರಿಂದ ತಾನೇ ಸರಿಹೋಗಿದೆ. ನಿಮ್ಮ ಕುರ್ಚಿಯಲ್ಲಿ ಯಾರೂ ಕೂರುತ್ತಿಲ್ಲ, ಗೌರವಕ್ಕಲ್ಲ, ಅದರ ಮೇಲೆ ಮಡಚದ ಬಟ್ಟೆಗಳಿವೆ.

ಫೋನಿರುವಾಗ ಕಾಗದ ಏಕೆ ಎನ್ನುತ್ತೀರಿ. ನಾನು ಫೋನ್ ಎತ್ತಿದ ಕ್ಷಣಕ್ಕೆ ಅತ್ತೆ ಬಂದು ನನ್ನ ಹೆಗಲ ಮೇಲೆ ಗದ್ದ ಇಟ್ಟು ಕೂರುತ್ತಾರೆ. ಮಗನ ಉಸಿರಾಟದಲ್ಲೇ ಅವನು ಊಟ ಮಾಡಿದನೋ ಇಲ್ಲವೋ ತಿಳಿಯುತ್ತದಂತೆ. ಅವರೆದುರಿಗೆ ಅವರ ವಿಷಯ ಹೇಳುವುದು ಹೇಗೆ? ಇನ್ನು ನೀವು, ಫೋನಿನಲ್ಲಿ ಕಷ್ಟದ ಮಾತು ಬಂದ ಕೂಡಲೇ ‘ಹಲೋ, ಹಲೋ, ಕೇಳಿಸ್ತಿಲ್ಲ’ ಎನ್ನುವವರು. ಕಾಗದಕ್ಕೆ ಹಾಗೆನ್ನಲು ಆಗುವುದಿಲ್ಲ. ಅದೃಷ್ಟಕ್ಕೆ ಅಳತೆಯಮ್ಮ ಇವತ್ತು ಸಂಜೆಯ ವಿಮಾನಕ್ಕೆ ಹೊರಟಿದ್ದಾಳೆ. ಶುಕ್ರವಾರ ಅಲ್ಲಿ ಪಾಲುದಾರರ ದೊಡ್ಡ ಆಫೀಸಿನಲ್ಲಿ ನೀವು ಕೂರಬೇಕಾದ ಸಭೆಯಲ್ಲಿ ಅವಳೂ ಕೂರಬೇಕಂತೆ. ಮಾದರಿ ಬೀಗಗಳ ಪೆಟ್ಟಿಗೆಯಲ್ಲಿ ಈ ಕಾಗದವನ್ನೂ ಇಡುತ್ತೇನೆ ಎಂದಿದ್ದಾಳೆ. ಕನ್ನಡ ಓದಲು ಬಾರದವಳ ಕೈಯಲ್ಲೇ ಅವಳ ಬಗ್ಗೆ ಬರೆದು ಕಳಿಸುವ ಸುಖ ಎಲ್ಲರಿಗೂ ಸಿಗುವುದಿಲ್ಲ.

ಅವಳ ಬಗ್ಗೆ ಕೆಟ್ಟದ್ದೇನೂ ಬರೆಯುವುದಿಲ್ಲ ಬಿಡಿ. ವಿದೇಶದ ಕಂಪನಿಯವರು ನಮ್ಮ ಬೀಗದ ಕಾರ್ಖಾನೆಯಲ್ಲಿ ನೂರಕ್ಕೆ ನಲವತ್ತರ ಪಾಲು ಕೊಂಡು, ತಗಡು ಕತ್ತರಿಸುವ ಹೊಸ ಪ್ರೆಸ್ಸಿನ ಜೊತೆಗೆ ಈ ಇಂಜಿನಿಯರಮ್ಮನನ್ನೂ ಕಳಿಸಿದಾಗ ನಾವು ಎಷ್ಟು ಹೆದರಿದ್ದೆವು, ನೆನಪಿದೆಯೇ? ಕೈಯಲ್ಲೊಂದು ಗಡಿಯಾರ, ಕಿಸೆಯಲ್ಲೊಂದು ಅಳತೆಗೋಲು. ನೀರು ಕುಡಿಯಲು ಹೋದವರು ಬರುವ ತನಕ ಎಷ್ಟು ಸೆಕೆಂಡು ಎಂದು ಬರೆದುಕೊಳ್ಳುತ್ತಿದ್ದಳು. ಶೆಡ್ಡಿನ ಜನ ಅಳತೆಯಮ್ಮ ಎಂದು ಹೆಸರಿಟ್ಟರು. ಆಮೇಲೆ ಗೊತ್ತಾಯಿತು, ನೀರಿನ ಕೊಳಾಯಿ ದೂರವಿದೆ ಎಂದು ತೋರಿಸಲು ಬರೆದುಕೊಂಡಿದ್ದಳು. ಮುಂದಿನ ತಿಂಗಳು ಕೊಳಾಯಿ ಹತ್ತಿರ ಬಂತು. ಶೌಚಾಲಯಕ್ಕೆ ಬಾಗಿಲು ಬಂತು, ಬಾಗಿಲಿಗೆ ನಮ್ಮದೇ ಬೀಗ ಬಂತು. ದೀಪ ಬಂತು, ಕೈಗವಸು ಬಂತು, ನನ್ನ ಬೆನ್ನಿಗೆ ಒರಗುವ ಕುರ್ಚಿ ಬಂತು. ಹೊರಗಿನ ಬಂಡವಾಳ ಬಂದರೆ ಮನೆ ಮುಳುಗುತ್ತದೆ ಎಂದು ಗೊಣಗಿದವಳು ನಾನೇ. ಕುರ್ಚಿಯಲ್ಲಿ ಒರಗಿದ ದಿನವೇ ಆ ಮಾತನ್ನು ವಾಪಸು ತೆಗೆದುಕೊಂಡೆ. ಅಳತೆಯಮ್ಮ ಕನ್ನಡ ಕಲಿತದ್ದು ಪ್ರೆಸ್ಸಿನ ಗದ್ದಲದಲ್ಲಿ, ಆದ್ದರಿಂದ ಅವಳಿಗೆ ಇನ್ನೂ ಬಹುವಚನ ಬಂದಿಲ್ಲ. ಎಲ್ಲರಿಗೂ ‘ಬಾ’, ‘ಹೋಗು’, ‘ಸಾಕು’. ನನ್ನನ್ನು ಕರೆಯುವುದು ‘ಏ ಮೇಡಂ’ ಎಂದು. ಅಷ್ಟು ಪ್ರೀತಿಯಿಂದ ನೀವೂ ಕರೆದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ವಾರ ಅವರ ದೊಡ್ಡ ಆಫೀಸಿನಿಂದ ಎರಡು ವಸ್ತು ಬಂದವು. ಒಂದು ಹೊಳೆಯುವ ಪುಸ್ತಿಕೆ. ಬೇರೆ ಬೇರೆ ದೇಶಗಳಲ್ಲಿ ಅವರು ಹಣ ಹಾಕಿದ ಹದಿನಾಲ್ಕು ಚಿಕ್ಕ ಕಾರ್ಖಾನೆಗಳು ಎರಡು ವರ್ಷದಲ್ಲಿ ಹೇಗೆ ಕೆಲಸ ಮಾಡಿವೆ ಎಂಬ ಪಟ್ಟಿ ಅದರಲ್ಲಿದೆ. ನೂರು ಬೀಗ ಮಾಡಿದರೆ ಮೊದಲ ಪರೀಕ್ಷೆಯಲ್ಲಿ ಕೆಟ್ಟದ್ದೆಂದು ಬೀಳುವುದು ಎಷ್ಟು ಎಂಬ ಕಾಲಂನಲ್ಲಿ ಉಳಿದವರದ್ದು ಐದು, ಏಳು, ಹನ್ನೆರಡು. ನಮ್ಮದು ಒಂದು. ನಾವೇ ಮೊದಲು. ಪಕ್ಕದಲ್ಲಿ ನಿಮ್ಮ ಫೋಟೋ, ಆ ನೀಲಿ ಅಂಗಿಯಲ್ಲಿ, ಮೇಲಿನ ಗುಂಡಿ ಹಾಕಿಲ್ಲ. ಶೆಡ್ಡಿನಲ್ಲಿ ಎಲ್ಲರೂ ಆ ಪುಟವನ್ನು ಮುಟ್ಟಿ ಮುಟ್ಟಿ ಈಗ ನಿಮ್ಮ ಮೂಗು ಮಾಸಿದೆ.

ಎರಡನೆಯದು ಒಂದು ಹಾಳೆಯ ಪತ್ರ. ನಮ್ಮ ಬೀಗಗಳು ಇಷ್ಟು ಚೆನ್ನಾಗಿರುವುದರಿಂದ ಒಂದೊಂದನ್ನೂ ಪರೀಕ್ಷಿಸುವುದು ವ್ಯರ್ಥವಂತೆ. ಮುಂದೆ ನೂರಕ್ಕೊಂದನ್ನು ನೋಡಿದರೆ ಸಾಕಂತೆ. ಆದ್ದರಿಂದ ಪರೀಕ್ಷೆ ಮೇಜಿನ ನಾಲ್ವರು ಬೇಡ. ಪ್ರೆಸ್ಸಿನ ವೇಗ ಎರಡರಷ್ಟು ಮಾಡಿ, ದಿನಕ್ಕೆ ನಾನೂರರ ಬದಲು ಎಂಟುನೂರು ಬೀಗ. ಶುಕ್ರವಾರದ ಸಭೆಯಲ್ಲಿ ನೀವು ಎದ್ದು ನಿಂತು ಎರಡು ವರ್ಷದ ಸಾಧನೆ ಓದಿ, ಇದಕ್ಕೆ ಒಪ್ಪಿ ಸಹಿ ಹಾಕಿದರೆ ಎರಡನೆಯ ಕಂತಿನ ಬಂಡವಾಳ, ಹೊಸ ಶೆಡ್ಡು. ನಿಮಗೂ ಇದರ ಪ್ರತಿ ಕೊಟ್ಟಿರುತ್ತಾರೆ. ಕೊಟ್ಟ ಮೇಲೂ ಫೋನಿನಲ್ಲಿ ನೀವು ನನಗೆ ಚಳಿಯ ಮತ್ತು ಹಲ್ಲಿನ ಬಗ್ಗೆ ಮಾತ್ರ ಹೇಳಿದಿರಿ. ಅದಕ್ಕೇ ಹಲ್ಲಿನ ನೋವು ನಿಜವೋ ನೆಪವೋ ಎಂದು ನನಗೆ ಅನುಮಾನ.

ಪತ್ರದ ಸುದ್ದಿ ಹೇಗೋ ಶೆಡ್ಡಿಗೆ ತಲುಪಿತು. ಪರೀಕ್ಷೆ ಮೇಜಿನ ಹಿರಿಯಳು, ನಮ್ಮ ಕನ್ನಡಕದಕ್ಕ, ಹನ್ನೊಂದು ವರ್ಷದಿಂದ ಒಂದೇ ಸ್ಟೂಲಿನ ಮೇಲೆ ಕೂತು ಕೀ ತಿರುಗಿಸಿ ಕೊಂಡಿ ಹಾರುತ್ತದೋ ಇಲ್ಲವೋ ನೋಡಿದವಳು, ನನ್ನ ಮೇಜಿನ ಮುಂದೆ ಬಂದು ನಿಂತಳು. ಅಳಲಿಲ್ಲ, ಕೂಗಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು, ‘ಮೇಡಮ್ಮಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಚೆನ್ನಾಗಿ ಕೆಲಸ ಮಾಡಿದ್ದಕ್ಕೇ ನಮ್ಮನ್ನ ತೆಗೀತಾರಾ?’ ಎಂದಳು. ನಾನು ಫೈಲಿನಲ್ಲಿ ಏನೋ ಹುಡುಕುವವಳ ಹಾಗೆ ಮಾಡಿದೆ. ಫೈಲು ಖಾಲಿಯಿತ್ತು.

ನಿಮಗೆ ಗೊತ್ತಿರುವುದನ್ನೇ ಈಗ ಬರೆಯುತ್ತೇನೆ. ಎರಡು ವರ್ಷದಿಂದ ನಾವು ಮೂವರೂ ಬಾಯಿಬಿಟ್ಟು ಹೇಳಿಕೊಳ್ಳದೆ ಇದ್ದದ್ದು ಕಾಗದದ ಮೇಲೆ ಹೇಗೆ ಕಾಣುತ್ತದೆ ಎಂದು ನೋಡಬೇಕಾಗಿದೆ. ಮಾವನವರೂ ಅತ್ತೆಯೂ ಇಬ್ಬರೇ ದಿನಕ್ಕೆ ನಲವತ್ತು ಬೀಗ ಮಾಡುತ್ತಿದ್ದ ಕಾಲದಿಂದ ನಮ್ಮಲ್ಲೊಂದು ಪದ್ಧತಿ. ಕೆಟ್ಟ ಬೀಗವನ್ನು ಸಂಜೆಯೊಳಗೆ ಸರಿಮಾಡಿದರೆ ಅದು ಕೆಟ್ಟದ್ದೇ ಅಲ್ಲ, ಯಾರಿಗೂ ಹೇಳಬೇಕಿಲ್ಲ. ನಲವತ್ತರಲ್ಲಿ ಮೂರು ಕೆಟ್ಟರೆ ಅತ್ತೆ ಒಲೆಯ ಮೇಲೆ ಹಾಲಿಟ್ಟು ಅದು ಉಕ್ಕುವುದರೊಳಗೆ ಅರದಿಂದ ಉಜ್ಜಿ ಸರಿಮಾಡುತ್ತಿದ್ದರು. ಅದು ಮೋಸವಲ್ಲ, ಮರ್ಯಾದೆ. ಹೊಸ ಪ್ರೆಸ್ಸು ಬಂದ ಮೊದಲ ತಿಂಗಳು ಬೀಗಗಳ ಕೊಂಡಿ ಸಿಕ್ಕಿಕೊಳ್ಳತೊಡಗಿತು. ಕೀ ತಿರುಗುತ್ತದೆ, ಕೊಂಡಿ ಮೇಲೇಳುವುದಿಲ್ಲ. ಕೊಂಡಿ ಇಳಿಯುವ ತೂತಿನ ಒಳಅಂಚಿನಲ್ಲಿ ಮುಳ್ಳಿನಂಥ ಒಂದು ಚೂರು. ಪಾಲುದಾರರಿಗೆ ಮೊದಲ ತಿಂಗಳಲ್ಲೇ ಇದನ್ನು ಹೇಗೆ ಹೇಳುವುದು ಎಂದು ನೀವು ಸಂಕೋಚಪಟ್ಟು, ಕೆಟ್ಟವನ್ನೆಲ್ಲ ತರಕಾರಿ ಚೀಲಕ್ಕೆ ತುಂಬಿ ಮನೆಗೆ ತಂದು ಈ ಮೇಜಿನ ಮೇಲೆ ಸುರಿದಿರಿ. ಅತ್ತೆ ದುಂಡನೆಯ ಸಣ್ಣ ಅರ ತೆಗೆದರು. ಮೂರು ಸುತ್ತು ತಿರುಗಿಸಿ, ಊದಿ, ಒಂದು ಹನಿ ಎಣ್ಣೆ. ಟಕ್ ಎಂದು ಕೊಂಡಿ ಎದ್ದಿತು. ನಿಮ್ಮ ಮುಖವೂ ಎದ್ದಿತು. ತಿಂಗಳ ವರದಿಯಲ್ಲಿ ನಾನು ‘ನೂರಕ್ಕೆ ಒಂದು’ ಎಂದು ಬರೆದೆ.

ಒಂದು ತಿಂಗಳ ಮಾತು ಎಂದುಕೊಂಡೆವು. ಇಪ್ಪತ್ತನಾಲ್ಕು ವರದಿಗಳಾದವು. ಪರೀಕ್ಷೆ ಮೇಜಿನವರಿಗೆ ಅದು ‘ಅಮ್ಮನ ಚೀಲ’. ಕೊಂಡಿ ಹಾರದ್ದು ನೇರ ಅದರೊಳಕ್ಕೆ, ಎಣಿಸುವ ಪ್ರಶ್ನೆಯೇ ಇಲ್ಲ. ಅತ್ತೆಗೆ ಒಬ್ಬರ ಕೈ ಸಾಲದೆ ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ತರರೂ ಹಿಂದಿನ ಬೀದಿಯ ಟೈಲರಮ್ಮನೂ ಬಂದು ಸೇರಿದರು. ಮಧ್ಯಾಹ್ನ ಎರಡರಿಂದ ಐದರ ತನಕ ಮೂವರೂ ಈ ಮೇಜಿಗೆ ಹಾಜರು. ಪೋಸ್ಟ್‌ಮಾಸ್ತರರು ತಡವಾಗಿ ಬಂದರೆ ಅತ್ತೆ, ‘ಏನ್ರೀ, ಇಷ್ಟು ವರ್ಷ ಎಲ್ಲರ ಕಾಗದ ತಡ ಮಾಡಿದ್ದು ಸಾಲದಾ?’ ಎನ್ನುತ್ತಾರೆ. ಅವರು, ‘ನಿಮ್ಮ ಸೊಸೆ ಕೊಡೋ ಚಹಾಕ್ಕೆ ಇದಕ್ಕಿಂತ ಬೇಗ ಬರೋದಕ್ಕಾಗಲ್ಲ’ ಎನ್ನುತ್ತಾರೆ. ಮೂರು ತಿಂಗಳಿಂದ ನೀವಿಲ್ಲದೆ ಚೀಲ ನನ್ನ ಹೆಗಲಿಗೆ ಬಂದಿದೆ. ಬೆಳಿಗ್ಗೆ ಸರಿಯಾದ ಬೀಗಗಳನ್ನು ವಾಪಸು ಕೊಡುವಾಗ ಎಣಿಸತೊಡಗಿದೆ. ಎಣಿಸಬಾರದಿತ್ತು. ದಿನಕ್ಕೆ ಮೂವತ್ತಾರು. ನೂರಕ್ಕೆ ಒಂಬತ್ತು. ಒಂದು ದಿನ ಚೀಲ ಹೊತ್ತು ನಡೆಯುವಾಗ ಹೆಜ್ಜೆಗೆ ಸರಿಯಾಗಿ ಎರಡು ಸಾಲು ಹುಟ್ಟಿದವು:

ಎಲ್ಲರ ಹೆಜ್ಜೆ ಎಣಿಸಿದರೂ ಈ ಚೀಲ ಯಾರೂ ಎಣಿಸಲಿಲ್ಲ,
ಹೊರಗೆ ಹೊಳೆಯುವ ಹಿತ್ತಾಳೆಯ ಒಳಗಿನ ಮುಳ್ಳು ಕಾಣಿಸಲಿಲ್ಲ.

ಪ್ರಾಸ ಸರಿಯಿದೆ, ಸಮಾಧಾನ ಆಗಲಿಲ್ಲ. ಪ್ರಾಸ ಸಿಕ್ಕ ಮೇಲೂ ಸಮಾಧಾನ ಆಗದಿದ್ದದ್ದು ನನ್ನ ಜೀವನದಲ್ಲಿ ಇದೇ ಮೊದಲು.

ಹೋದ ಬುಧವಾರ ಅಳತೆಯಮ್ಮ ಹೇಳದೆ ಕೇಳದೆ ಮನೆಗೆ ಬಂದಳು. ನಿಮಗೆ ಕಳಿಸಲು ಬಿಸ್ಕತ್ತು ಏನಾದರೂ ಇದೆಯೇ ಎಂದು ಕೇಳಲು. ಬಾಗಿಲು ತೆರೆದೇ ಇತ್ತು. ಬೀಗದ ಕಾರ್ಖಾನೆಯವರ ಮನೆಯ ಬಾಗಿಲಿಗೆ ಹಗಲು ಹೊತ್ತು ಚಿಲಕವೂ ಇರುವುದಿಲ್ಲವಲ್ಲ. ಒಳಗೆ ಬಂದವಳು ನೋಡಿದ್ದೇನು? ಮೂವರು ಮುದುಕರು, ಮೂರು ಅರ, ನಡುವೆ ಅವಳದೇ ಬೀಗಗಳ ಗುಡ್ಡೆ. ಟೈಲರಮ್ಮ ತನ್ನ ಪಾಲಿನ ಬೀಗಗಳ ಮೇಲೆ ಸೆರಗು ಮುಚ್ಚಿದಳು. ಪೋಸ್ಟ್‌ಮಾಸ್ತರರು ಎದ್ದು ನಿಂತು ಕೈಮುಗಿದರು, ಕೈಯಲ್ಲಿ ಅರ ಹಾಗೇ ಇತ್ತು. ಅಳತೆಯಮ್ಮ ನನ್ನ ಕಡೆ ತಿರುಗಿ, ‘ಏ ಮೇಡಂ, ಇದು ಏನು? ಆಟ?’ ಎಂದಳು. ನಾನು, ವಯಸ್ಸಾದವರು, ಹೊತ್ತು ಹೋಗಬೇಕಲ್ಲ, ಹಾಗೇ ಆಡಿಕೊಳ್ಳುತ್ತಾರೆ ಎಂದೆ. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಎರಡು ವರ್ಷ ಈ ಮನೆಯ ಮಾನ ಹೊತ್ತ ಕೈಗಳನ್ನು ಆಟ ಎಂದುಬಿಟ್ಟೆ.

ಅತ್ತೆ ತಲೆ ಎತ್ತಲೂ ಇಲ್ಲ. ‘ಆಟ ಅಂತೆ ಆಟ. ಕೂತ್ಕೋ ಬಾ ತಾಯಿ, ನಿನಗೂ ಒಂದು ಅರ ಕೊಡ್ತೀನಿ’ ಎಂದು ಕುರ್ಚಿ ಎಳೆದರು. ಅವಳು ನಿಜವಾಗಿಯೂ ಕೂತಳು. ಮೊದಲ ಬೀಗ ತೆಗೆದುಕೊಂಡು ಕೀ ತಿರುಗಿಸಿದಳು, ಕೊಂಡಿ ಏಳಲಿಲ್ಲ. ಎರಡನೆಯದು, ಏಳಲಿಲ್ಲ. ಮೂರನೆಯದಕ್ಕೆ ಅವಳ ಮುಖ ಬದಲಾಯಿತು. ಅತ್ತೆ ಅವಳ ತೋರುಬೆರಳು ಹಿಡಿದು ತೂತಿನ ಒಳಅಂಚಿಗೆ ಮುಟ್ಟಿಸಿ, ‘ಇಲ್ಲಿ ನೋಡು, ಉಗುರಿಗೆ ತಾಗುತ್ತಾ? ಇದೇ ಕಳ್ಳ’ ಎಂದರು. ಅವಳು ಕಿಸೆಯಿಂದ ಅಳತೆಗೋಲು ತೆಗೆದು ತಗಡಿನ ದಪ್ಪ ಅಳೆದಳು, ಇನ್ನೊಂದು ಬೀಗದ್ದು ಅಳೆದಳು, ಆಮೇಲೆ ವಿವರಿಸಿದಳು. ಪ್ರೆಸ್ಸಿನ ಅಚ್ಚು ಅವರ ಕಡೆಯ ತಗಡಿಗೆಂದು ಕೂರಿಸಿದ್ದಂತೆ. ನಮ್ಮ ಹಿತ್ತಾಳೆ ತಗಡು ಅದಕ್ಕಿಂತ ಕೂದಲೆಳೆಯಷ್ಟು ದಪ್ಪವಂತೆ. ಅದಕ್ಕೇ ಮುಳ್ಳು ಏಳುತ್ತದೆ. ಅಚ್ಚನ್ನು ಬಿಚ್ಚಿ, ತೀಡಿ, ಮತ್ತೆ ಕೂರಿಸಲು ಎಷ್ಟು ಹೊತ್ತು ಬೇಕು ಎಂದು ಕೇಳಿದೆ. ಬೆರಳೆತ್ತಿ ತೋರಿಸಿದಳು, ‘ಒಂದು ದಿನ’. ಆಮೇಲೆ ಕೇಳಿದಳು, ‘ಎರಡು ವರ್ಷ. ಯಾಕೆ ನೀನು ಹೇಳು ಇಲ್ಲ?’

ಉತ್ತರವನ್ನು ಅತ್ತೆ ಕೊಟ್ಟರು, ‘ಹೊಸ ನೆಂಟರ ಮುಂದೆ ಮನೆ ಸೋರೋದನ್ನ ಯಾರು ತೋರಿಸ್ತಾರಮ್ಮ?’ ಎಂದು. ಅಳತೆಯಮ್ಮನಿಗೆ ಎಷ್ಟು ಅರ್ಥವಾಯಿತೋ, ತಲೆಯಾಡಿಸಿದಳು. ಹೋಗುವ ಮುನ್ನ ನಾಲ್ಕು ಬೀಗ ತಾನೇ ಸರಿಮಾಡಿ ಸಾಲಾಗಿ ಇಟ್ಟಳು. ಅತ್ತೆ ಅದರಲ್ಲಿ ಒಂದನ್ನು ತೆಗೆದು ನೋಡಿ, ‘ಇದಕ್ಕೆ ಇನ್ನೊಂದು ಸುತ್ತು ಬೇಕು’ ಎಂದು ವಾಪಸು ಕೊಟ್ಟರು! ಬಾಗಿಲ ಹತ್ತಿರ ಅಳತೆಯಮ್ಮ ನನಗೆ ಮೆಲ್ಲಗೆ ಹೇಳಿದ್ದು ಇಷ್ಟು: ವರದಿ ಬರೆಯುವವಳು ನೀನು. ನೀನು ಬರೆದರೆ ಅದು ನಿಮ್ಮ ಮಾತು. ನಾನು ಹೇಳಿದರೆ ಅದು ನಿಮ್ಮ ಮೇಲಿನ ದೂರು. ಸಭೆಯ ದಿನದ ತನಕ ನಾನು ಇಲ್ಲಿಗೆ ಬಂದೇ ಇಲ್ಲ. ಅವಳ ಒಡಕು ಕನ್ನಡದಲ್ಲಿ ಅದನ್ನು ಹೇಳಲು ಐದು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಗಡಿಯಾರ ನೋಡಲಿಲ್ಲ.

ಇನ್ನೊಂದು ವಿಷಯ. ಇದನ್ನು ಬರೆಯಲೆಂದೇ ಅತ್ತೆಯನ್ನು ಈಗ ಟೈಲರಮ್ಮನ ಮನೆಗೆ ದಾಟಿಸಿದ್ದೇನೆ. ಅವರ ಬಲಗೈ ಹೆಬ್ಬೆರಳು ಬುಡದಲ್ಲಿ ಊದಿದೆ. ಯಾವಾಗಿನಿಂದ ಎಂದರೆ ಹೇಳುವುದಿಲ್ಲ. ಲೋಟವನ್ನು ಎರಡೂ ಕೈಯಿಂದ ಹಿಡಿದು ಕುಡಿಯುತ್ತಿದ್ದರು. ಚಳಿಗೆ ಕೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದೆ, ಪೆದ್ದಿ ನಾನು. ಮೊನ್ನೆ ಮಗಳ ಜಡೆ ಹಾಕಲು ಕೂತವರು ಅರ್ಧಕ್ಕೆ ಬಿಟ್ಟು, ‘ಈಗಿನ ಹುಡುಗಿಯರಿಗೆ ಕೂದಲು ಬಿಟ್ಟರೇ ಚೆಂದ’ ಎಂದರು. ಅತ್ತೆ ಅಂಥ ಮಾತು ಆಡಿದಾಗಲೇ ನಾನು ಅವರ ಕೈ ಹಿಡಿದು ನೋಡಿದ್ದು. ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಮೂರು ತಿಂಗಳು ಆ ಬೆರಳಿಗೆ ಪೂರ್ತಿ ವಿಶ್ರಾಂತಿ, ಇಲ್ಲದಿದ್ದರೆ ಹಿಡಿತ ಹೋಗುತ್ತದೆ ಎಂದರು. ಏನು ಕೆಲಸ ಮಾಡುತ್ತೀರಿ ಎಂದು ಡಾಕ್ಟರು ಕೇಳಿದ್ದಕ್ಕೆ ಅತ್ತೆ, ‘ಕೆಲಸ ಏನಿಲ್ಲ, ಮನೇಲಿ ಸುಮ್ಮನೆ ಕೂತಿರ್ತೀನಿ’ ಎಂದರು. ಡಾಕ್ಟರು ಹಾಗೇ ಬರೆದುಕೊಂಡರು. ಹೊರಗೆ ಬಂದ ಮೇಲೆ ನನಗೆ ನಗುವೂ ಬಂತು, ಅದರ ಹಿಂದೆಯೇ ಇನ್ನೊಂದೂ ಬಂತು. ನಮ್ಮ ವರದಿಗಳಲ್ಲೂ ಅವರು ಸುಮ್ಮನೆ ಮನೆಯಲ್ಲಿ ಕೂತಿದ್ದಾರೆ. ಇಪ್ಪತ್ತನಾಲ್ಕು ಪುಟದಲ್ಲಿ ಎಲ್ಲೂ ಇಲ್ಲ.

ಯೋಚನೆ ಮಾಡಿ. ಪ್ರೆಸ್ಸಿನ ವೇಗ ಎರಡರಷ್ಟಾದರೆ ಚೀಲವೂ ಎರಡರಷ್ಟು. ಈ ಮೇಜಿಗೆ ಇನ್ನೊಂದು ಮೇಜು ಸೇರಿಸಬಹುದು, ಅತ್ತೆಗೆ ಇನ್ನೊಂದು ಹೆಬ್ಬೆರಳು ಎಲ್ಲಿಂದ ತರುವುದು? ಪರೀಕ್ಷೆ ಮೇಜು ತೆಗೆದರೆ ಕೆಟ್ಟ ಬೀಗ ಹಿಡಿಯುವವರೇ ಇರುವುದಿಲ್ಲ. ಯಾರದೋ ಪೆಟ್ಟಿಗೆಗೆ ಅದು ಬೀಳುತ್ತದೆ, ಯಾವುದೋ ನಿಲ್ದಾಣದಲ್ಲಿ ಯಾರೋ ಕೀ ತಿರುಗಿಸುತ್ತ ನಿಂತಿರುತ್ತಾರೆ. ಕನ್ನಡಕದಕ್ಕನೂ ಉಳಿದ ಮೂವರೂ ಮನೆಯಲ್ಲಿ ಕೂತಿರುತ್ತಾರೆ. ನಾವು ಬಚ್ಚಿಟ್ಟದ್ದು ನಾಚಿಕೆಯನ್ನು, ಅವರು ಕಳೆದುಕೊಳ್ಳುವುದು ಕೆಲಸವನ್ನು. ನಿಜ ಹೇಳಿದರೆ ಎರಡನೆಯ ಕಂತು ನಿಲ್ಲಬಹುದು, ಪುಸ್ತಿಕೆಯಿಂದ ನಿಮ್ಮ ಫೋಟೋ ಹೋಗಬಹುದು, ಇಷ್ಟು ದಿನ ಸುಳ್ಳು ಬರೆದವರ ಜೊತೆ ಪಾಲು ಬೇಡ ಎಂದೂ ಅವರು ಹೇಳಬಹುದು. ಆ ಹೆದರಿಕೆ ನನಗಿಲ್ಲ ಎಂದು ತಿಳಿಯಬೇಡಿ. ಶನಿವಾರ ಹೊಸ ಶೆಡ್ಡಿಗೆಂದು ಗುರುತು ಹಾಕಿದ ಜಾಗದಲ್ಲಿ ಸುಮ್ಮನೆ ಒಂದು ಸುತ್ತು ಹಾಕಿ ಬಂದೆ. ನೀವು ನೆಟ್ಟ ನಾಲ್ಕು ಗೂಟ ಅಲ್ಲೇ ಇವೆ. ಅದರಲ್ಲಿ ನಿಮ್ಮ ಮೂಲೆ ಯಾವುದು, ನನ್ನ ಕಿಟಕಿ ಯಾವ ಕಡೆ ಎಂದು ನೀವು ಹೆಜ್ಜೆ ಹಾಕಿ ತೋರಿಸಿದ್ದಿರಿ. ಆ ಕಿಟಕಿಯ ಮೇಲೆ ನನಗೆ ನಿಮಗಿಂತ ಹೆಚ್ಚು ಆಸೆ.

ಇದರಲ್ಲಿ ನಿಮ್ಮೊಬ್ಬರ ತಪ್ಪು ಎಂದು ನಾನೆಂದೂ ಹೇಳುವುದಿಲ್ಲ. ನೀವು ಚೀಲ ಹಿಡಿದಿರಿ, ಅತ್ತೆ ಅರ ಹಿಡಿದರು, ನಾನು ಪೆನ್ನು ಹಿಡಿದೆ. ಮೂವರಲ್ಲಿ ಕೈ ನೋಯಿಸಿಕೊಂಡವರು ಒಬ್ಬರೇ. ನಿಮ್ಮ ಸಂಕೋಚವನ್ನು ಮದುವೆಯಾದ ಮೊದಲ ವಾರದಿಂದ ಬಲ್ಲೆ. ನಾನು ಮಾಡಿದ ಸಾರಿಗೆ ಉಪ್ಪೇ ಬಿದ್ದಿರಲಿಲ್ಲ, ನೀವು ಎರಡು ಸಲ ಹಾಕಿಸಿಕೊಂಡು ಉಂಡಿರಿ. ಒಂದು ತಿಂಗಳ ಮೇಲೆ ಬೇರೆಯವರಿಂದ ನನಗೆ ಗೊತ್ತಾಯಿತು. ಆ ದಿನ ಪ್ರೀತಿ ಹೆಚ್ಚಾಯಿತು, ಒಪ್ಪುತ್ತೇನೆ. ಆದರೆ ಆ ಒಂದು ತಿಂಗಳು ಮನೆಯವರೆಲ್ಲ ಸಪ್ಪೆ ಸಾರು ಉಂಡರಲ್ಲ! ಎದುರಿಗಿರುವವರು ಬೇಸರಪಟ್ಟುಕೊಳ್ಳುತ್ತಾರೆ ಎಂದು ನೀವು ನುಂಗಿದ್ದನ್ನೆಲ್ಲ ಸೇರಿಸಿದರೆ ಒಂದು ಗೋದಾಮು ಬೇಕು. ಏನು ಮಾಡೋಣ, ನೀವೇ ಹೇಳಿ. ಶುಕ್ರವಾರ ಆ ಜನರ ಮುಂದೆ ನಿಂತಾಗ ‘ಹಲೋ, ಕೇಳಿಸ್ತಿಲ್ಲ’ ಎನ್ನಲಾಗುವುದಿಲ್ಲ.

ಪೆಟ್ಟಿಗೆಯಲ್ಲಿ ಬಿಸ್ಕತ್ತು ಇಟ್ಟಿದ್ದೇನೆ, ಗಟ್ಟಿಯಾದದ್ದಲ್ಲ, ಹಲ್ಲಿಗೆ ನೋವಾಗದಂಥದ್ದು. ಎರಡು ಜೊತೆ ಕಾಲುಚೀಲ, ಒಂದು ನನ್ನ ಆಯ್ಕೆ, ಒಂದು ಅತ್ತೆಯದು. ಯಾವುದು ಯಾರದೆಂದು ಬಣ್ಣ ನೋಡಿದ ಕೂಡಲೇ ತಿಳಿಯುತ್ತದೆ. ಸಭೆಗೆ ನನ್ನದು ಹಾಕಿಕೊಳ್ಳಿ. ಮಗಳು ಮುತ್ತು ಕಳಿಸಿದ್ದಾಳೆ, ಜೊತೆಗೆ ಹೊಸ ಫೋನಿನ ಬೇಡಿಕೆಯನ್ನೂ. ಎರಡರಲ್ಲಿ ಒಂದನ್ನು ಮಾತ್ರ ನಾನು ಮಂಜೂರು ಮಾಡಿದ್ದೇನೆ. ಪೋಸ್ಟ್‌ಮಾಸ್ತರರೂ ಟೈಲರಮ್ಮನೂ ನಿಮ್ಮನ್ನು ಕೇಳಿದೆವೆಂದು ತಿಳಿಸಲು ಹೇಳಿದ್ದಾರೆ. ನಿಮ್ಮ ಅಮ್ಮನ ಆಶೀರ್ವಾದ ಎಂದಿನಂತೆ ಧಾರಾಳ, ಜೊತೆಗೆ ಎಂದಿನಂತೆ ‘ಅವನು ಸೊರಗಿದ್ದಾನೆ’ ಎಂಬ ತೀರ್ಪು. ನೋಡದೆ ಕೊಟ್ಟ ತೀರ್ಪು, ಮೇಲ್ಮನವಿಗೆ ಅವಕಾಶವಿಲ್ಲ. ದೇಹ ಚೆನ್ನಾಗಿರಲಿ, ಮನಸ್ಸು ಅದಕ್ಕಿಂತ ಚೆನ್ನಾಗಿರಲಿ, ಎರಡನ್ನೂ ಹಾಗೆಯೇ ಮನೆಗೆ ತನ್ನಿ.

ಆಫೀಸಿನಲ್ಲಿ ನಿಮಗೆ ವರದಿ ಕೊಡುವವಳು,
ಮನೆಯಲ್ಲಿ ಕೊಡದವಳು,
ಎರಡೂ ಕಡೆ ನಿಮ್ಮವಳೇ

ತಾ.ಕ.: ಅಳತೆಯಮ್ಮ ಬಂದಾಯಿತು, ಟ್ಯಾಕ್ಸಿ ಹೊರಗೆ ನಿಂತಿದೆ, ಬೇಗ ಬೇಗ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸಿ. ಮೇಲೆ ‘ಏನು ಮಾಡೋಣ’ ಎಂದು ಕೇಳಿದ್ದು ಬರೀ ಮರ್ಯಾದೆಗೆ. ಸರಿಯಾದ ವರದಿ ಇವತ್ತು ಬೆಳಿಗ್ಗೆಯೇ ಅವರ ದೊಡ್ಡ ಆಫೀಸಿಗೆ ಹೋಗಿದೆ, ಎರಡು ವರ್ಷದ್ದೂ. ಪ್ರೆಸ್ಸಿನ ಅಚ್ಚಿನ ದೋಷವನ್ನೂ ಬರೆದಿದ್ದೇನೆ, ಮನೆಯಲ್ಲಿ ರಿಪೇರಿ ಮಾಡಿದವರ ಗಂಟೆಗಳನ್ನೂ ಬರೆದಿದ್ದೇನೆ, ಕನ್ನಡಕದಕ್ಕನ ಮೇಜು ಬೇಕೇ ಬೇಕು ಎಂದೂ ಬರೆದಿದ್ದೇನೆ. ಕಳಿಸುವ ಮುಂಚೆ ಅತ್ತೆಗೆ ಓದಿ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ‘ಒಂಬತ್ತು’ ಎಂಬಲ್ಲಿ ಕೈ ಎತ್ತಿ ನಿಲ್ಲಿಸಿ, ‘ಕಳೆದ ನಾಲ್ಕು ತಿಂಗಳಿಗೆ ಹನ್ನೊಂದು ಅಂತ ಬರಿ’ ಎಂದರು. ಮಂಚದ ಕೆಳಗಿನಿಂದ ಮೂರು ಡಬ್ಬ ಹೊರಗೆಳೆದರು. ಡಬ್ಬದ ತುಂಬ ಬೀಗ. ‘ಇವು ನನ್ನ ಕೈಲಿ ಆಗ್ಲಿಲ್ಲಮ್ಮ. ಹೇಳಿದ್ರೆ ನೀವಿಬ್ಬರೂ ಬೇಜಾರು ಮಾಡ್ಕೋತೀರಿ ಅಂತ’ ಎಂದರು. ಹನ್ನೊಂದು ಎಂದು ತಿದ್ದಿದೆ. ವರದಿಯ ಕೊನೆಯಲ್ಲಿ ನನ್ನ ಸಹಿಯ ಕೆಳಗೆ ಇನ್ನೊಂದು ಸಹಿ ಇದೆ. ಬಲಗೈಯಲ್ಲಿ ಪೆನ್ನು ಹಿಡಿಯಲು ಆಗದೆ ಎಡಗೈಯಲ್ಲಿ ಹಾಕಿದ್ದು, ಸಾಲು ಬಿಟ್ಟು ವಾಲಿದೆ. ಶುಕ್ರವಾರ ಸಭೆಯಲ್ಲಿ ಯಾರಾದರೂ ಇದು ಯಾರದು ಎಂದು ಕೇಳುತ್ತಾರೆ. ಕುಳಿತಲ್ಲಿಂದ ಹೇಳಬೇಡಿ, ಎದ್ದು ನಿಂತು ಹೇಳಿ.